ಮಗನ ನೆತ್ತಿಗೆ ವರ್ಗವಾಗಿ ಬಂದ ಕೂದಲುಗಳಿಗೆ

ಮಾನ್ಯರೇ,

ನನ್ನ ಮಗ ಬಸವಪ್ರಸಾದನ ಹಿಂದಲೆಯಲ್ಲಿ ಹುಟ್ಟಿ ಬೆಳೆದು, ಮೈಸೂರಿನ ಆಸ್ಪತ್ರೆಯೊಂದರಲ್ಲಿ ಒಂದೊಂದಾಗಿ ಕೀಳಿಸಿಕೊಂಡು, ಅವನ ನೆತ್ತಿಯ ಮೇಲೆ ನಾಟಿಯಾದ ತಮ್ಮೆಲ್ಲರಿಗೂ ಗುಂಡ್ಲುಪೇಟೆಯ ಸುಧಾಮಣಿಯ ಶರಣು ಶರಣಾರ್ಥಿಗಳು. ತಾವು ಕ್ಷೇಮವೆಂದು ನಂಬಿರುವುದಾಗಿ ಬರೆಯುವುದು ವಾಡಿಕೆ. ತಾವು ಎಲ್ಲಿದ್ದೀರೆಂಬುದೇ ಗೊತ್ತಿಲ್ಲದ್ದರಿಂದ ಆ ಸಾಲನ್ನು ಬಿಟ್ಟಿದ್ದೇನೆ. ನಾಲ್ಕು ಜನ ಓದಿದರೆ ತಮಗೂ ಸ್ವಲ್ಪ ನಾಚಿಕೆಯಾದೀತೆಂದು ಇದನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ತಮ್ಮನ್ನು ಕರೆಸಿಕೊಳ್ಳಬೇಕಾಗಿ ಬಂದದ್ದು ಹೀಗೆ. ಉಡಿಗಾಲಕ್ಕೆ ಹೆಣ್ಣು ನೋಡಲು ಹೋದಾಗ ಹುಡುಗಿ ಶಶಿರೇಖಾಳ ಸೋದರಮಾವ ವೃಷಭೇಂದ್ರಪ್ಪನವರು ಬಾಗಿಲಲ್ಲಿ ನಮ್ಮ ಯಜಮಾನರನ್ನು ದಾಟಿಕೊಂಡು ಬಂದು, ನನ್ನ ಮಗನ ಎರಡೂ ಕೈ ಹಿಡಿದು, 'ಬನ್ನಿ ಬೀಗ್ರೆ, ಹುಡ್ಗ ಕಾರಲ್ಲೇ ಕುಂತವ್ನಾ?' ಎಂದು ಕೇಳಿದರು. ಅರವತ್ತು ದಾಟಿದರೂ ಯಜಮಾನರ ತಲೆ ಕಪ್ಪಗೆ ದಟ್ಟವಾಗಿದೆ, ನಿಜ. ಅದಕ್ಕೆ ಅವರು ಅಲ್ಲಿಯೇ ನಗಬೇಕಾಗಿರಲಿಲ್ಲ. ಹುಡುಗಿಗೆ ನನ್ನ ಮಗ ಇಷ್ಟವಾದ. ಆದರೆ ಅವಳಿಗೆ ತಂದೆಯಿಲ್ಲ, ಸೋದರಮಾವನ ಮಾತೇ ಕೊನೆಯ ಮಾತು. ಆ ಮಹನೀಯರು ಮಗನ ನೆತ್ತಿಯನ್ನು ಇನ್ನೊಮ್ಮೆ ದಿಟ್ಟಿಸಿ, 'ಸಂಕ್ರಾಂತಿ ಕಳ್ದು ಮನೆ ನೋಡಕ್ ಬತ್ತೀವಿ, ಆಮೇಲ್ ನೋಡನ' ಎಂದು ಎಲೆ ಅಡಿಕೆ ಕೊಟ್ಟು ಕಳಿಸಿದರು. ಆ 'ನೋಡನ' ನನ್ನ ಎದೆಯಲ್ಲಿ ನಾಟಿಕೊಂಡಷ್ಟು ಗಟ್ಟಿಯಾಗಿ ತಾವು ಅವನ ತಲೆಯಲ್ಲಿ ನಾಟಿಕೊಂಡಿದ್ದರೆ ಈ ಪತ್ರವೇ ಬೇಕಿರಲಿಲ್ಲ.

ತಮಗೆ ನಡೆದ ಉಪಚಾರದಲ್ಲಿ ಏನಾದರೂ ಲೋಪವಾಗಿದ್ದರೆ ತಿಳಿಸಬೇಕು. ತಾವು ನಲುಗಬಾರದೆಂದು ಮಗ ದಿಂಬುಗಳನ್ನು ಜೋಡಿಸಿಕೊಂಡು ಕುಳಿತೇ ನಿದ್ದೆ ಮಾಡಿದ. ತಮಗೆ ದಾಹವಾಗಬಾರದೆಂದು ಹೊತ್ತು ಹೊತ್ತಿಗೆ ಔಷಧದ ನೀರು ಚಿಮುಕಿಸಿದೆವು. ಅವನ ಹಣೆಯೂ ಕಣ್ಣೂ ಊದಿ ವಿಭೂತಿ ಧರಿಸಲು ಜಾಗವಿರಲಿಲ್ಲ. ಮಠದ ಬುದ್ಧಿಯವರು ಪಾದಪೂಜೆಗೆ ಬಂದಾಗ, ತಲೆ ಬಗ್ಗಿಸಬಾರದೆಂದು ಡಾಕ್ಟರು ಹೇಳಿದ್ದರಿಂದ, ಇವನೊಬ್ಬ ಕಂಬದಂತೆ ನಿಂತಿದ್ದ. ಬುದ್ಧಿಯವರಿಗೆ 'ಸೊಂಟ ಹಿಡಿದಿದೆ' ಎಂದು ಸುಳ್ಳು ಹೇಳಿದ ಪಾಪವನ್ನೂ ತಮ್ಮ ಹೆಸರಿನಲ್ಲಿ ಕಟ್ಟಿಕೊಂಡಿದ್ದೇನೆ. ಅವನು ತನ್ನ ಈರುಳ್ಳಿ ಮಂಡಿಗೆ ಬಿಸಿಲಲ್ಲಿ ಹೋಗುವಂತಿರಲಿಲ್ಲ, ಹೆಲ್ಮೆಟ್ ಹಾಕುವಂತಿರಲಿಲ್ಲ. ಇಷ್ಟೆಲ್ಲಾ ಸತ್ಕಾರ ಪಡೆದ ತಾವು ಎರಡನೆಯ ತಿಂಗಳಲ್ಲಿ ಒಂದು ಮಾತೂ ಹೇಳದೆ ದಿಂಬಿನ ಮೇಲೆ ಉದುರಿ ಹೋದಿರಿ.

ಡಾಕ್ಟರಿಗೆ ಫೋನ್ ಮಾಡಿದರೆ ಅವರಿಗೆ ಬಲು ಸಂತೋಷ. ಉದುರಲೇಬೇಕು, ಬೇರು ಒಳಗೇ ಇರುತ್ತದೆ, ಮತ್ತೆ ಬರುತ್ತದೆ, ಪೂರ್ತಿ ಬರಲು ವರ್ಷವಾಗುತ್ತದೆ ಎಂದರು. ನಮ್ಮ ಹೊಲದಲ್ಲಿ ನೆಟ್ಟ ಟೊಮೊಟೊ ಸಸಿಗಳು ಬಾಡಿ ಮಲಗಿದಾಗ ಇಷ್ಟು ಹಿಗ್ಗಿನಿಂದ ಮಾತಾಡುವವರು ಒಬ್ಬರೂ ಸಿಕ್ಕಿಲ್ಲ. ಉದುರುವುದನ್ನೂ ಪ್ರಗತಿಯೆನ್ನಿಸಿಕೊಂಡ ತಮ್ಮ ಯೋಗ್ಯತೆ ದೊಡ್ಡದು. ನಾಲ್ಕು ತಿಂಗಳಾದ ಮೇಲೆ ತಮ್ಮಲ್ಲಿ ಕೆಲವರು ಬಲಗಡೆ ಮಾತ್ರ, ಎಳೆಗೂಸಿನ ಜವಳದಂತೆ ತೆಳ್ಳಗೆ, ಸೊಟ್ಟಗೆ ದರ್ಶನ ಕೊಟ್ಟಿರಿ. ಎಡಗಡೆಯವರು ಇನ್ನೂ ರಜೆಯಲ್ಲಿದ್ದಾರೆ.

ಅಷ್ಟು ಕಂಡದ್ದೇ ತಡ, ನನ್ನ ಕಷ್ಟ ಶುರುವಾಯಿತು. ಆಸ್ಪತ್ರೆಗೆ ಹೊರಟ ದಿನ ನಾನು ಮಲೆ ಮಾದಪ್ಪನಿಗೆ ಹರಕೆ ಹೊತ್ತಿದ್ದೆ: ಮಗನ ತಲೆಯಲ್ಲಿ ಕೂದಲು ಬಂದರೆ ಮೊದಲ ಮುಡಿ ನಿನಗೇ ಎಂದು. ನಮ್ಮ ಕಡೆ ಏನು ಬೇಡಿದರೂ ಮುಡಿ ಕೊಡುತ್ತೇವೆಂದೇ ನಾಲಿಗೆಗೆ ಬರುವುದು; ನನಗೂ ಬಂದುಬಿಟ್ಟಿತು. ನನ್ನ ವಾರಗಿತ್ತಿ ಚಿಕ್ಕಮಲ್ಲಮ್ಮ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. 'ಅಲ್ಲ ಕಣಮ್ಮಿ ಸುಧಾ, ಕೂದ್ಲು ಕೊಡಪ್ಪ ಅಂತ ಬೇಡ್ಬುಟ್ಟು, ಕೊಟ್ರೆ ಆ ಕೂದ್ಲೇ ವಾಪಸ್ ಕೊಡ್ತೀನಿ ಅಂದ್ಬುಟ್ಯಲ್ಲ, ಮಾದಪ್ಪ ಏನ್ ತಿಳ್ಕಂಡಾನು?' ಅವನು ಏನಾದರೂ ತಿಳಿದುಕೊಳ್ಳಲಿ, ಹೊತ್ತ ಹರಕೆಯನ್ನು ನಾನು ತೀರಿಸದೆ ಇಟ್ಟುಕೊಂಡವಳಲ್ಲ. ಮಗನನ್ನು ಬೆಟ್ಟಕ್ಕೆ ಕರೆದೆ. ಅವನು ಎರಡೂ ಕೈಯಿಂದ ತಮ್ಮನ್ನು ಮುಚ್ಚಿಕೊಂಡು, 'ಹರಕೆ ಹೊತ್ತೋಳು ನೀನು ಕಣವ್ವ, ನಿನ್ ತಲೆನೇ ಕೊಡೋಗು' ಎಂದ. ಹೆತ್ತವಳಿಗೆ ಹೀಗೆ ಎದುರು ಹೇಳುವ ಧೈರ್ಯ ಅವನಿಗೆ ತಮ್ಮಿಂದ ಬಂತು. ಅರ್ಧ ಜನ ಬಂದಿದ್ದಕ್ಕೇ ಇಷ್ಟು. ತಾವು ಪೂರ್ತಿ ಬಂದ ಮೇಲೆ ನಾನು ಅವನಿಗೆ ಅರ್ಜಿ ಕೊಟ್ಟು ಮಾತಾಡಬೇಕಾದೀತು.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆಗಳು. ಸಂಕ್ರಾಂತಿ ಕಳೆದು ವೃಷಭೇಂದ್ರಪ್ಪನವರು ಮನೆ ನೋಡಲು ಬರುತ್ತಾರೆ. ಅವರು ನೋಡುವುದು ಗೋಡೆಯನ್ನಲ್ಲ, ತಮ್ಮನ್ನು ಎಂದು ನನಗೆ ಗೊತ್ತು. ಅಷ್ಟರೊಳಗೆ ಎಡಗಡೆಯವರು ದಯಮಾಡಿ ಹೊರಟು ಬರಬೇಕು. ಹೊರಡಲು ಮನಸ್ಸಿಲ್ಲದಿದ್ದರೆ ಆ ಒಂದು ಹೊತ್ತು ಬಲಗಡೆಯವರು ಎಡಕ್ಕೆ ಸ್ವಲ್ಪ ಸರಿದು ಕೂರಬೇಕು, ಮದುವೆಯ ಪಂಕ್ತಿಯಲ್ಲಿ ಜನ ಸರಿದು ಕೂರುವುದಿಲ್ಲವೇ. ಫ್ಯಾನಿನ ಗಾಳಿಗೆ ಹಾರಬಾರದು. ಅವರು ಕಣ್ಣು ಕಿರಿದು ಮಾಡಿ ನೋಡಿದಾಗ ದಪ್ಪವಾಗಬೇಕು. ಹಿಂದಲೆಯಲ್ಲೇ ಉಳಿದ ತಮ್ಮ ಬಂಧುಗಳು ತಮ್ಮ ದಾರಿ ಹಿಡಿಯದಂತೆ ಬುದ್ಧಿ ಹೇಳಬೇಕು. ಇನ್ನು ಆ ಹುಡುಗಿ ಎಂದಾದರೂ ತಮ್ಮ ಮೇಲೆ ಕೈಯಾಡಿಸಿದರೆ, ಅವಳ ಬೆರಳಿಗೆ ಅಂಟಿಕೊಂಡು ಹೋಗುವ ಕೃಪೆ ಮಾಡಬಾರದು.

ತಾವು ನಿಲ್ಲಬೇಕಾದ ತಲೆಯನ್ನು ಹೆತ್ತವಳೂ ತಮ್ಮ ವಿಶ್ವಾಸಿಯೂ ಆದ,

ಸುಧಾಮಣಿ ಗಂಗಾಧರಸ್ವಾಮಿ
ಗುಂಡ್ಲುಪೇಟೆ

ಮರೆತ ಮಾತು: ಕಾರ್ತಿಕದ ಸೋಮವಾರ ಚಿಕ್ಕಮಲ್ಲಮ್ಮನನ್ನು ಕರೆದುಕೊಂಡು ಬೆಟ್ಟಕ್ಕೆ ಹೋಗಿ ಮಗ ಹೇಳಿದಂತೆಯೇ ಮಾಡಿದೆ. ಸೊಂಟದವರೆಗಿದ್ದ ನನ್ನ ಜಡೆ ಈಗ ಮಾದಪ್ಪನದು. ಮನೆಗೆ ಬಂದು ಸೆರಗು ಸರಿಸಿದಾಗ ಬಸವಪ್ರಸಾದ ನೆತ್ತಿ ಮುಚ್ಚಲು ಹಾಕಿಕೊಂಡಿದ್ದ ತನ್ನ ಟೋಪಿ ತೆಗೆದು ನನ್ನ ಕೈಗಿಟ್ಟ. ನಾನು ಅದನ್ನು ಒಗೆಯಲು ಹಾಕಿದೆ. ಔಷಧದ ನೀರಿಲ್ಲದೆ, ದಿಂಬಿನ ಸಿಂಹಾಸನವಿಲ್ಲದೆ ನನ್ನ ತಲೆಯಲ್ಲಿ ಎಡಕ್ಕೂ ಬಲಕ್ಕೂ ಒಂದೇ ಸಮನಾಗಿ ಬರುತ್ತಿದೆ. ತಮಗೆ ಬಿಡುವಾದಾಗ ನೋಡಿ ಕಲಿಯಬಹುದು. ವೃಷಭೇಂದ್ರಪ್ಪನವರು ಬರುವ ದಿನ ನಾನು ತಲೆಗೆ ಸೆರಗು ಹೊದೆಯದೆ ಬಾಗಿಲಲ್ಲೇ ನಿಂತಿರುತ್ತೇನೆ. ಈ ಸಲ ಯಾರನ್ನು ಯಾರೆಂದು ಕರೆಯುತ್ತಾರೋ ಕರೆಯಲಿ, ನೋಡನ.