ವಿಲ್ಮಾ ಬೆಕರ್ ಯಾರ ಹಾಗೆ?

ಶನಿವಾರ ಬೆಳಿಗ್ಗೆ ಶ್ರೀಪತಿ ಹಲ್ಲುಜ್ಜುತ್ತಿದ್ದಾಗ ಫೋನು ಗುರ್ರೆಂದಿತು. ಓದಿದ. ಉಗಿಯಬೇಕಾದ ನೊರೆಯನ್ನು ನುಂಗಿಬಿಟ್ಟ.

‘ನಾನು ಡಾರತಿ. ನೆಬ್ರಾಸ್ಕಾದ ಟಿಲ್ಬರಿ ಕ್ರೀಕ್ ಚರಿತ್ರೆ ಸಂಘದ ಕಾರ್ಯದರ್ಶಿ. ಆಸ್ಟ್ರೇಲಿಯಾದಲ್ಲಿರುವ ಮಗಳ ಮನೆಗೆ ಹೊರಟವಳು ನಿಮ್ಮೂರಲ್ಲಿ ಇಳಿದಿದ್ದೇನೆ. ಸಂಜೆಗೆ ವಿಮಾನ. ಪತ್ರಿಕೆಯವರು ನಿಮ್ಮ ನಂಬರು ಕೊಟ್ಟರು. ನಮ್ಮೂರ ಪುಟ ಬರೆಯುವ ಪುಣ್ಯಾತ್ಮರನ್ನು ನೋಡದೆ ಹೋಗಲಾರೆ. ವಿಲ್ಮಾ ಬೆಕರ್ ಬಗ್ಗೆ ಬಹಳ ಕೇಳುವುದಿದೆ.’

ಕೊನೆಯ ಸಾಲನ್ನು ಅವನು ಮತ್ತೊಮ್ಮೆ ಓದಿದ. ಏಕೆಂದರೆ ವಿಲ್ಮಾ ಬೆಕರ್ ಎಂಬ ಹೆಂಗಸು ಟಿಲ್ಬರಿ ಕ್ರೀಕಿನಲ್ಲಿ ಹುಟ್ಟಿರಲಿಲ್ಲ, ಸತ್ತಿರಲಿಲ್ಲ. ಆಕೆ ಬದುಕಿದ್ದುದು ಭೂಮಿಯ ಇನ್ನೊಂದು ಮಗ್ಗುಲಲ್ಲಿದ್ದ ಪುಚೊಂಗಿನಲ್ಲಿ, ಶ್ರೀಪತಿಯ ಎದುರುಮನೆಯಲ್ಲಿ, ವಾಸಂತಿ ಎಂಬ ಹೆಸರಿನಲ್ಲಿ.

ಶ್ರೀಪತಿಯ ಕೆಲಸವೇ ಹಾಗಿತ್ತು. ಅಮೆರಿಕದ ಹಳ್ಳಿಯ ಪತ್ರಿಕೆಯನ್ನು ಅಲ್ಲಿನವರ ಕೈಲೇ ಬರೆಸಿದರೆ ದುಬಾರಿ. ಅದಕ್ಕೆ ಯಾರೋ ಸೂಟುಬೂಟಿನ ಬುದ್ಧಿವಂತರು ಅದನ್ನು ಪುಚೊಂಗಿನ ಪಕ್ಕದ ಸುಬಾಂಗ್ ಜಯಾದ ಒಂದು ಆಫೀಸಿಗೆ ಎಸೆದಿದ್ದರು. ಅಲ್ಲಿ ಕೊರಳಿಗೆ ಗುರುತಿನ ಚೀಟಿಯ ಪಟ್ಟಿ ಕಟ್ಟಿಕೊಂಡ ನಲವತ್ತು ಜನ ತಣ್ಣಗಿನ ಕೋಣೆಯಲ್ಲಿ ಕೂತು, ಕಂಡರಿಯದ ಊರುಗಳ ಮದುವೆ, ಸಾವು, ಜೋಳದ ಬೆಳೆಗಳ ಸುದ್ದಿ ಬರೆಯುತ್ತಿದ್ದರು. ಶ್ರೀಪತಿಯ ಪಾಲಿಗೆ ಬಂದದ್ದು ‘ಅಂದಿನ ನಮ್ಮೂರು’ ಎಂಬ ಪುಟ. ಮೊದಮೊದಲು ಟಿಲ್ಬರಿ ಕ್ರೀಕಿನ ಮುದುಕರೇ ಹಳೆಯ ನೆನಪು ಕಳಿಸುತ್ತಿದ್ದರು. ಹಿಮದಲ್ಲಿ ಹುಗಿದುಹೋದ ಶಾಲೆ, ಚರ್ಚಿನ ಊಟದಲ್ಲಿ ಕಳೆದುಹೋದ ಕಟ್ಟಿದ ಹಲ್ಲು, ಹೀಗೆ. ಆಮೇಲೆ ಒಬ್ಬೊಬ್ಬರಾಗಿ ಮುದುಕರು ಕಮ್ಮಿಯಾದರು, ನೆನಪೂ ನಿಂತಿತು. ಪುಟ ಮಾತ್ರ ವಾರವಾರ ಹಸಿದು ಬಾಯಿ ತೆರೆಯುತ್ತಿತ್ತು.

“ತುಂಬ್ಸಿ ಕಳ್ಸು ಲಾ,” ಎಂದಿದ್ದ ಮ್ಯಾನೇಜರ್ ಕಿರಣ, ಅಲ್ಲಿನವರ ಮಾತಿನ ಬಾಲ ‘ಲಾ’ ಅಂಟಿಸಿ, ನೂಡಲ್ಸಿನಿಂದ ತಲೆಯೆತ್ತದೆ. “ಹಳ್ಳಿ ಅಂದ್ರೆ ಹಳ್ಳಿ. ಎಲ್ಲಾ ಕಡೆ ಒಂದೇ.”

ಶ್ರೀಪತಿ ತುಂಬಿಸಿದ. ತಾನಿದ್ದ ಬಹುಮಹಡಿ ಕಾಂಡೊ ಕಟ್ಟಡದ ಜನರನ್ನು ಒಬ್ಬೊಬ್ಬರಾಗಿ ಎತ್ತಿ, ಟೋಪಿ ತೊಡಿಸಿ, ತೊಂಬತ್ತು ವರ್ಷ ಹಿಂದಕ್ಕೆ ನೆಬ್ರಾಸ್ಕಾಕ್ಕೆ ಸಾಗಿಸಿದ. ಕಂಡವರ ಜಾಗದಲ್ಲೆಲ್ಲ ಕಾರು ನಿಲ್ಲಿಸುವ ಮೆಡಿಕಲ್ ಕಾಲೇಜಿನ ಜನಾರ್ದನರು, ಕಂಡವರ ಕೊಟ್ಟಿಗೆಯಲ್ಲೆಲ್ಲ ಕುದುರೆ ಕಟ್ಟುವ ಜೋನಾಥನ್ ಆದರು. ವಾಸಂತಿ ಪರದೆಯ ಸಂದಿಯಿಂದ ಊರು ಆಳುವ ವಿಧವೆ ವಿಲ್ಮಾ ಆದಳು. ಟಿಲ್ಬರಿ ಕ್ರೀಕಿಗೆ ವಿಲ್ಮಾಳ ಹುಚ್ಚೇ ಹಿಡಿಯಿತು. ಪಕ್ಕದ ಊರಿನ ಬೆಕರ್ ಮನೆತನದವರು ಆಕೆ ತಮ್ಮ ಮುತ್ತಜ್ಜಿಯ ತಂಗಿಯೆಂದು ಫೋಟೊ ಸಮೇತ ಬಂದರು.

ಡಾರತಿಗೆ ನಿಜ ಗೊತ್ತಾದರೆ ಕೆಲಸ ಹೋಗುತ್ತದೆ, ಸರಿ. ವಾಸಂತಿಗೆ ಗೊತ್ತಾದರೆ? ಶ್ರೀಪತಿ ಬಾಡಿಗೆಗಿದ್ದ ಮನೆಯೂ ವಾಸಂತಿಯದೇ. ಹಿಂದೆ ಇದ್ದವರು ಆಕೆ ಕೊಟ್ಟ ಪಾಯಸ ತುಸು ನೀರು ಅಂದಿದ್ದಕ್ಕೆ ವಾರದೊಳಗೆ ಗಂಟು ಕಟ್ಟಿದ್ದರು. ಹೆಂಡತಿ ಮಾನಸಳಿಗೆ ಈಗ ಏಳು ತಿಂಗಳು. ಹೊಟ್ಟೆ ಹೊತ್ತವಳನ್ನು ಕರೆದುಕೊಂಡು ಪುಚೊಂಗಿನ ಬೀದಿ ಬೀದಿ ಮನೆ ಹುಡುಕುವುದುಂಟೆ?

ಹಾಗಾಗಿ ಡಾರತಿಯನ್ನು ಸುಬಾಂಗ್ ಜಯಾದ ಮಾಲ್‌ನಲ್ಲೇ ಕಂಡು, ಕಾಫಿ ಕುಡಿಸಿ, ವಿಮಾನಕ್ಕೆ ಹತ್ತಿಸಿಬಿಡುವುದೆಂದು ಲೆಕ್ಕ ಹಾಕಿದ. ಲಿಫ್ಟಿನಲ್ಲಿ ನಿಂತು ಫೋನಿನಲ್ಲಿ ಅದನ್ನೇ ಹೇಳುತ್ತಿದ್ದ. ಹಿಂದೆ ಯಾರೋ ಕೆಮ್ಮಿದರು.

“ಅಮೆರಿಕಾದೋರಾ?” ಎಂದಳು ವಾಸಂತಿ. ಕೈಯಲ್ಲಿ ಕರಿಬೇವಿನ ಕಟ್ಟು. “ನಿಮ್ಮನ್ನ ನೋಡಕ್ಕೆ ಅಷ್ಟು ದೂರದಿಂದ ಬಂದಿದಾರೆ, ಮಾಲ್‌ಗೆ ಕರ್ಕೊಂಡು ಹೋಗ್ತೀರಾ? ಮಾನ ಮರ್ಯಾದೆ ಬೇಡ್ವೇನ್ರೀ?”

“ಆಂಟಿ, ಅವರಿಗೆ ಟೈಮ್ ಇಲ್ಲ…”

“ಊಟ ಮಾಡಕ್ಕೆ ಟೈಮ್ ಇಲ್ದೋರು ಯಾರ್ರೀ ಇದಾರೆ? ಕೊಡಿ ಇಲ್ಲಿ.” ಫೋನು ಆಕೆಯ ಕೈ ಸೇರಿತು. ಲಿಫ್ಟು ನೆಲ ಮುಟ್ಟುವಷ್ಟರಲ್ಲಿ ನೆಬ್ರಾಸ್ಕಾದ ಚರಿತ್ರೆ ಸಂಘ ವಾಸಂತಿಯ ಮನೆಗೆ ಮಧ್ಯಾಹ್ನದ ಊಟಕ್ಕೆ ಒಪ್ಪಿಯಾಗಿತ್ತು. “ಬಿಸಿಬೇಳೆಬಾತ್ ಮಾಡ್ತೀನಿ. ಮಾನಸನ್ನ ಕಳ್ಸಿ, ತರಕಾರಿ ಹೆಚ್ಚಲಿ. ಡಾಕ್ಟರ್ ಜನಾರ್ದನರ್ನೂ ಕರೀತೀನಿ, ಇಂಗ್ಲಿಷ್ ಚೆನ್ನಾಗಿ ಮಾತಾಡ್ತಾರೆ.”

ಶ್ರೀಪತಿಗೆ ಲಿಫ್ಟು ಇನ್ನೂ ಇಳಿಯುತ್ತಲೇ ಇದೆ ಅನ್ನಿಸಿತು.

ಡಾರತಿ ರೈಲು ಸ್ಟೇಷನ್ನಿನ ಬಾಗಿಲಲ್ಲಿ ಸಿಕ್ಕಳು. ಹತ್ತಿಯ ಉಂಡೆಯಂಥ ಕೂದಲು, ಮಗುವಿನ ನಗು, ಬಗಲಲ್ಲಿ ದಪ್ಪ ಕಡತ. ಅದರ ತುಂಬ ಅವನ ಸುಳ್ಳು. ಬಾಡಿಗೆ ಕಾರಿನಲ್ಲಿ ಕೂತೊಡನೆ ಆಕೆ ಕಡತ ಬಿಚ್ಚಿದಳು. “ವಿಲ್ಮಾಳ ಸಮಾಧಿ ಎಲ್ಲಿದೆ ಅಂತ ನಿಮಗೆ ಗೊತ್ತಿರಬೇಕು. ಹೂವಿಡಬೇಕು ಅಂತ ನಮ್ಮ ಹೆಂಗಸರ ಹಟ.”

“ನಮ್ಮಲ್ಲಿ ಒಂದು ಪದ್ಧತಿ ಉಂಟು,” ಎಂದ ಶ್ರೀಪತಿ. ಅಂಗಿಯ ಬೆನ್ನು ಸೀಟಿಗೆ ಅಂಟಿತ್ತು. “ಬೇರೆಯವರ ಮನೆಯಲ್ಲಿ ಊಟಕ್ಕೆ ಕೂತಾಗ ಸತ್ತವರ ಮಾತಾಡಬಾರದು.”

“ಓ, ಎಂಥ ಒಳ್ಳೆಯ ಪದ್ಧತಿ!” ಡಾರತಿ ಕಡತ ಮುಚ್ಚಿದಳು. “ಊಟ ಮುಗಿದ ಮೇಲೆ ಮಾತಾಡೋಣ.”

ಮೊದಲು ತನ್ನ ಮನೆಗೆ ಕರೆದೊಯ್ದ. ಮಾನಸ ಎದುರುಮನೆಯ ಅಡುಗೆಕೋಣೆಯಲ್ಲಿದ್ದಳು. ಡಾರತಿ ಮುಖ ತೊಳೆಯಲು ಬಚ್ಚಲಿಗೆ ಹೋದದ್ದೇ ತಡ, ಶ್ರೀಪತಿ ಕಡತಕ್ಕೆ ಕೈ ಹಾಕಿದ. ವಿಲ್ಮಾ ಇದ್ದ ಪುಟಗಳನ್ನೆಲ್ಲ ಕಿತ್ತು, ಕಾರಿಡಾರಿನ ಕೊನೆಗೆ ಓಡಿ, ಕಸದ ಕೊಳವೆಗೆ ತುರುಕಿದ. ಕೊಳವೆ ಕಟ್ಟಿಕೊಂಡಿತು. ತೋಳು ಬಿಟ್ಟು ನೂಕಿದ. ಪುಟಗಳು ಹೋದವು, ತೋಳು ಬರಲಿಲ್ಲ.

“ಎಂತ ಮಾರಾಯ್ರೆ,” ಜನಾರ್ದನರು ಜುಬ್ಬಾದ ಗುಂಡಿ ಹಾಕಿಕೊಳ್ಳುತ್ತ ಬಂದರು. “ಕೈಯನ್ನೂ ಬಿಸಾಡ್ಲಿಕ್ಕೆ ಹೊರಟಿರಾ?”

“ಡಾಕ್ಟ್ರೇ, ಎಳೀರಿ!”

ಡಾಕ್ಟರು ಎಳೆಯುವ ಮುಂಚೆ ಭುಜದ ಕೀಲಿನ ಬಗ್ಗೆ ಒಂದು ಸಣ್ಣ ಪಾಠ ಮಾಡಿದರು. ಮೂಳೆ ಯಾವುದು, ಸ್ನಾಯು ಯಾವುದು, ಎಲ್ಲಿ ತಪ್ಪಿದರೆ ಎಷ್ಟು ನೋವು. ಓದಿದವರ ಸಹಾಯವೇ ಹಾಗೆ. ಮುಳುಗುವವನಿಗೆ ಮೊದಲು ನೀರಿನ ಆಳ ಹೇಳುತ್ತಾರೆ. ಕೊನೆಗೆ ಎಳೆದರು. ತೋಳು ಬಂತು, ಅಂಗಿಯ ಅರ್ಧ ತೋಳು ಕೊಳವೆಯಲ್ಲೇ ಉಳಿಯಿತು.

ಒಂದೂವರೆ ತೋಳಿನ ಅಂಗಿಯಲ್ಲಿ ಶ್ರೀಪತಿ ಊಟಕ್ಕೆ ಕೂತ. ಆದರೂ ಎದೆ ತುಸು ಹಗುರಾಗಿತ್ತು. ವಿಲ್ಮಾ ಕಸದಲ್ಲಿದ್ದಳು. ವಾಸಂತಿ ಬಡಿಸುತ್ತಿದ್ದಳು. ವಾಸಂತಿಯ ಮಗಳು, ಹದಿಮೂರರ ಪೂರ್ವಿ, ಹಪ್ಪಳ ಕಡಿಯುತ್ತ ಡಾರತಿಯನ್ನು ಮ್ಯೂಸಿಯಮ್ಮಿನ ವಸ್ತುವಿನಂತೆ ನೋಡುತ್ತಿದ್ದಳು. ಮಾನಸ ಬೆನ್ನಿಗೆ ದಿಂಬು ಕೊಟ್ಟುಕೊಂಡು ಕೂತಿದ್ದಳು. ಡಾರತಿ ಬಿಸಿಬೇಳೆಬಾತಿನ ಖಾರಕ್ಕೆ ಕಣ್ಣೊರೆಸಿಕೊಳ್ಳುತ್ತಲೇ ಎರಡನೆಯ ಸಲ ಹಾಕಿಸಿಕೊಂಡಳು. ಸತ್ತವರ ಸುದ್ದಿ ಎತ್ತಲಿಲ್ಲ. ಮಾತಿಗೆ ತಪ್ಪದ ಹೆಂಗಸು.

ಪಾಯಸದ ಬಟ್ಟಲು ಬರಿದಾಯಿತು. ಡಾರತಿ ಬಾಯೊರೆಸಿಕೊಂಡಳು. “ಈಗ ಮಾತಾಡಬಹುದಲ್ಲ?” ಎಂದು ಕಡತ ಬಿಚ್ಚಿದಳು. ಹುಡುಕಿದಳು. ಮತ್ತೆ ಹುಡುಕಿದಳು. “ವಿಲ್ಮಾ ಎಲ್ಲಿ?”

“ಅಯ್ಯೋ ಪಾಪ, ದಾರೀಲಿ ಬಿದ್ದುಹೋಗಿರಬೇಕು,” ಎಂದ ಶ್ರೀಪತಿ, ಧ್ವನಿಗೆ ಆದಷ್ಟು ದುಃಖ ಹಚ್ಚಿ.

“ಪರವಾಗಿಲ್ಲ,” ಎಂದಳು ಡಾರತಿ. “ನೀವು ಬರೆದದ್ದೆಲ್ಲಾ ನನಗೆ ಬಾಯಿಪಾಠ.”

ಶ್ರೀಪತಿ ಬರಿದಾದ ಪಾಯಸದ ಬಟ್ಟಲನ್ನೇ ಮತ್ತೆ ಕೆರೆದ.

ಆಕೆ ಕುರ್ಚಿಯಲ್ಲಿ ನೆಟ್ಟಗೆ ಕೂತು, ಶಾಲೆಯ ಮಗು ಪದ್ಯ ಒಪ್ಪಿಸುವಂತೆ ಶುರುಮಾಡಿದಳು. ಆಗ ಟಿಲ್ಬರಿ ಕ್ರೀಕಿನಲ್ಲಿ ಹತ್ತು ಮನೆಗೆ ಒಂದೇ ಟೆಲಿಫೋನ್ ತಂತಿ. ಯಾರು ಮಾತಾಡಿದರೂ ಉಳಿದವರು ಎತ್ತಿ ಕೇಳಬಹುದು. ಎಲ್ಲರೂ ಕದ್ದು ಕೇಳುತ್ತಿದ್ದರು, ಆದರೆ ಸುಮ್ಮನಿರುತ್ತಿದ್ದರು. ವಿಲ್ಮಾ ಮಾತ್ರ ಸುಮ್ಮನಿರುವವಳಲ್ಲ. ಒಬ್ಬ ಹೊಸ ಮದುವಣಗಿತ್ತಿ ತನ್ನ ತಾಯಿಗೆ ಕೇಕು ಮಾಡುವ ಬಗೆ ಹೇಳುತ್ತಿದ್ದಾಗ ತಂತಿಯೊಳಗಿಂದ ವಿಲ್ಮಾಳ ಧ್ವನಿ ಬಂತಂತೆ: ‘ಸಕ್ಕರೆ ಜಾಸ್ತಿಯಾಯ್ತು!’

ಎಲ್ಲರೂ ನಕ್ಕರು. ಶ್ರೀಪತಿ ನಗಲಿಲ್ಲ. ಹೋದ ತಿಂಗಳು ಮಾನಸ ಅಮ್ಮನ ಜತೆ ಫೋನಿನಲ್ಲಿ ಸಾರಿನ ಮಾತಾಡುತ್ತಿದ್ದಾಗ, ಕಾರಿಡಾರಿನ ಕಿಟಕಿಯಿಂದ ವಾಸಂತಿ ಕೂಗಿದ್ದಳು: ‘ಇಂಗು ಆಮೇಲೆ ಹಾಕೋದು!’

“ವಿಲ್ಮಾ ಏಣಿ ಸಾಲ ಕೊಟ್ಟರೆ,” ಡಾರತಿ ಮುಂದುವರಿಸಿದಳು, “ತಾನೂ ಜತೆಗೆ ಹೋಗಿ ಕೆಳಗೆ ನಿಲ್ಲುತ್ತಿದ್ದಳು. ಯಾವ ಮೆಟ್ಟಿಲು ಜಾಸ್ತಿ ತುಳಿದಿರಿ ಅಂತ ಕೇಳುತ್ತಿದ್ದಳು.”

ಮಿಕ್ಸಿ, ಎಂದುಕೊಂಡ ಶ್ರೀಪತಿ. ಯುಗಾದಿಗೆ ವಾಸಂತಿ ಕೊಟ್ಟು, ಪಕ್ಕದಲ್ಲೇ ಕಾವಲು ಕಾದ ಮಿಕ್ಸಿ. ಜನಾರ್ದನರ ಕಣ್ಣು ಒಮ್ಮೆ ವಾಸಂತಿಯ ಕಡೆ ಹೊರಳಿ, ಬೆಂಕಿ ಮುಟ್ಟಿದಂತೆ ವಾಪಸ್ಸು ಬಂತು. ಪೂರ್ವಿಯ ಬಾಯಲ್ಲಿ ಹಪ್ಪಳ ಅರ್ಧಕ್ಕೇ ನಿಂತಿತ್ತು.

“ಪರದೆ ಹಿಂದೆ ನಿಂತು, ಯಾರ ಮನೆಯ ಹೊಗೆ ಎಷ್ಟು ಹೊತ್ತು ಎದ್ದಿತು ಅನ್ನೋದರ ಮೇಲೆ ಯಾರ ಮನೆಗೆ ನೆಂಟರು ಬಂದಿದ್ದಾರೆ ಅಂತ ಪಾದ್ರಿಗೆ ಹೇಳುತ್ತಿದ್ದಳು. ಪಾದ್ರಿ ಹೆದರಿ ಚರ್ಚಿನ ಒಲೆಗೇ ಬೆಂಕಿ ಹಾಕಿಸಲಿಲ್ಲವಂತೆ!”

ವಾಸಂತಿ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡಳು. “ಅಯ್ಯಯ್ಯೋ! ಎಂಥಾ ಹೆಂಗ್ಸಪ್ಪ! ಬೇರೆಯವರ ಮನೆ ವಿಷ್ಯ ಇವಳಿಗೆ ಯಾಕೆ ಅಂತೀನಿ. ಇಂಥೋರು ಎಲ್ಲಾ ಊರಲ್ಲೂ ಒಬ್ರು ಇರ್ತಾರೆ ಬಿಡಿ.”

“ಅಮ್ಮಾ,” ಪೂರ್ವಿ ಕಿಸಕ್ಕೆಂದಳು, “ಶೀ ಈಸ್ ಎಕ್ಸಾಕ್ಟ್‌ಲಿ ಲೈಕ್…”

ನಿಲ್ಲಿಸಿದಳು. ತಡವಾಗಿತ್ತು.

“ಯಾರ ಥರ?” ವಾಸಂತಿಯ ಸೆರಗು ಕಣ್ಣಿನಿಂದ ಕೆಳಗಿಳಿಯಿತು. “ಯಾರ ಥರಾನೇ? ಹೇಳು.”

ತಲೆಯ ಮೇಲೆ ಫ್ಯಾನು ಕಿರ್ರ್ ಕಿರ್ರ್ ಎಂದಿತು. ಶ್ರೀಪತಿಯ ಕಣ್ಣ ಮುಂದೆ ಸೂಟ್‌ಕೇಸು, ಚಾಪೆ, ಕುಕ್ಕರು, ಹೊಟ್ಟೆ ಹಿಡಿದ ಮಾನಸ, ಎಲ್ಲಾ ಸಾಲಾಗಿ ರಸ್ತೆಗೆ ಬಂದು ನಿಂತವು. ಪೂರ್ವಿ ತಾಯಿಯ ಮುಖ ನೋಡಿ ಕುರ್ಚಿಯಲ್ಲೇ ಕುಗ್ಗಿದಳು.

ಜನಾರ್ದನರು ಗಂಟಲು ಸರಿಮಾಡಿಕೊಂಡರು. ಅವರ ಕಾರು ಆ ಹೊತ್ತಿಗೂ ವಾಸಂತಿಯ ಜಾಗದಲ್ಲೇ, ಆಕೆಯ ಕೃಪೆಯಿಂದ, ನಿಂತಿತ್ತು. “ಅದೇ… ನಮ್ಮ ಮಾನಸನ ಹಾಗೆ ಅಲ್ವಾ?” ಎಂದರು.

“ಯಾ, ಯಾ,” ಎಂದಳು ಪೂರ್ವಿ, ನೀರಿನಿಂದ ಮೇಲೆದ್ದವಳಂತೆ. “ಮಾನಸ ಆಂಟಿ ಲಾ!”

ವಾಸಂತಿ ನಿಧಾನವಾಗಿ ಶ್ರೀಪತಿಯ ಕಡೆ ತಿರುಗಿದಳು. “ಹೌದೇನ್ರೀ? ಹೆಂಡ್ತೀನ ನೋಡ್ಕೊಂಡು ಬರೆದ್ರಾ ಇದನ್ನ?”

ಮಾನಸ ಗಂಡನನ್ನು ನೋಡಿದಳು. ಕಣ್ಣು ರೆಪ್ಪೆ ಬಡಿಯಲಿಲ್ಲ. ವಾಸಂತಿಯೂ ನೋಡುತ್ತಿದ್ದಳು. ಎರಡು ಕಡೆಯಿಂದ ಎರಡು ಲಾರಿ ಬಂದರೆ ಸೈಕಲ್ಲಿನವನು ಏನು ಮಾಡಿಯಾನು? ಶ್ರೀಪತಿಯ ಕತ್ತು, ಯಜಮಾನನನ್ನು ಕೇಳದೆ, ಒಮ್ಮೆ ಮೇಲಿಂದ ಕೆಳಗೆ ಆಡಿತು.

ಕನ್ನಡ ಬಾರದ ಡಾರತಿ ಏನೋ ಒಳ್ಳೆಯದಾಯಿತೆಂದು ಚಪ್ಪಾಳೆ ತಟ್ಟಿದಳು.

ಮಾನಸ ದಿಂಬು ತೆಗೆದಿಟ್ಟು ಎದ್ದಳು. ಕೈ ತೊಳೆದಳು. ಡಾರತಿಗೆ ಕೈಮುಗಿದಳು. ಎದುರುಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಚಿಲಕದ ಸದ್ದು ಇಲ್ಲಿಯವರೆಗೆ ಕೇಳಿಸಿತು.

ಶ್ರೀಪತಿ ಎಂಜಲ ಕೈಯಲ್ಲೇ ಓಡಿದ. ಬಾಗಿಲಿಗೆ ಬಾಯಿ ಹಚ್ಚಿ ಪಿಸುಗುಟ್ಟಿದ. “ಮಾನಸ, ತೆಗಿಯೇ. ಅದು ನೀನಲ್ಲ. ನಿಂಗೂ ಗೊತ್ತು ಅದು ಯಾರು ಅಂತ.”

“ಯಾರು?” ಒಳಗಿನಿಂದ ಬಂತು.

“ನಿಂಗೊತ್ತಲ್ಲ…”

“ನಾನು ಬೇರೆಯವರ ಮಾತು ಕದ್ದು ಕೇಳ್ತೀನಿ ಅಂತ ನಾಕು ಜನರ ಮುಂದೆ ತಲೆ ಆಡಿಸಿದ್ರಲ್ಲ. ಈಗ ಅದು ಯಾರು ಅಂತ ಬಾಯಿಬಿಟ್ಟು ಹೇಳಿ. ಎಲ್ರಿಗೂ ಕೇಳೋ ಹಾಗೆ. ಬಾಗ್ಲು ತೆಗೀತೀನಿ.”

ಶ್ರೀಪತಿ ಉಸಿರು ಎಳೆದುಕೊಂಡ. ಹೇಳಿಯೇಬಿಡುವವನಿದ್ದ. ತಿರುಗಿ ನೋಡಿದ. ಕಾರಿಡಾರಿನಲ್ಲಿ, ಎರಡು ಮಾರು ದೂರದಲ್ಲಿ, ಸೊಂಟದ ಮೇಲೆ ಕೈಯಿಟ್ಟುಕೊಂಡು ವಾಸಂತಿ ನಿಂತಿದ್ದಳು. ಅವಳ ಹಿಂದೆ ಜನಾರ್ದನರು, ಪೂರ್ವಿ, ಸ್ವಲ್ಪ ಎತ್ತರಕ್ಕೆ ಡಾರತಿಯ ಬಿಳಿ ಕೂದಲು.

“ಅದು…” ಎಂದ ಶ್ರೀಪತಿ. “ಅದು… ನೆಬ್ರಾಸ್ಕಾದವಳು.”

ಒಳಗೆ ಎರಡನೆಯ ಚಿಲಕವೂ ಬಿತ್ತು.

“ಛೀ!” ವಾಸಂತಿ ಮುಂದೆ ಬಂದಳು. ಅವಳ ಕಣ್ಣಲ್ಲಿ ನೀರಿತ್ತು, ಈ ಸಲ ನಗುವಿನದಲ್ಲ. “ಬಸುರಿ ಹೆಂಗ್ಸು ಕಣ್ರೀ ಅವಳು. ಪಾಪ, ಬೆಳಗ್ಗಿಂದ ನನ್ನ ಜತೆ ನಿಂತು ತರಕಾರಿ ಹೆಚ್ಚಿದಾಳೆ. ಅಂಥವಳನ್ನ ಊರೂರು ತಿರುಗೋ ಪೇಪರ್‌ನಲ್ಲಿ ಆಡ್ಕೋತೀರಾ? ಪರದೆ ಹಿಂದೆ ನಿಂತ್ಕೋತಾಳೆ ಅಂತೀರಾ? ಇಂಥೋರು ನನ್ನ ಮನೇಲಿ ಇರ್ಬಾರ್ದು.”

“ಆಂಟಿ!” ಶ್ರೀಪತಿಯ ಧ್ವನಿ ಕೀರಲಾಯಿತು. “ನಾವು ಎಲ್ಲಿಗೆ ಹೋಗೋಣ ಆಂಟಿ? ಅವಳಿಗೆ ಏಳು ತಿಂಗಳು!”

“ನಾವು ಅಂತ ಯಾರು ಅಂದ್ರು?” ವಾಸಂತಿ ಬಾಗಿಲನ್ನು ಮೆತ್ತಗೆ ತಟ್ಟಿದಳು. “ಮಾನಸ, ಅಳಬೇಡ ಮಗು. ಹೆರಿಗೆ, ಬಾಣಂತನ ಎಲ್ಲಾ ಇಲ್ಲೇ. ಮನೆ ನಿಂದು ಅಂದ್ಕೋ. ಇವರು ಬೇರೆ ಎಲ್ಲಾದ್ರೂ ನೋಡ್ಕೊಳ್ಲಿ.”

ಒಳಗೆ ಮೂಗು ಸೀಟಿದ ಸದ್ದು ಕೇಳಿಸಿತು. ಆಮೇಲೆ, ಕಟ್ಟಡದ ಎಲ್ಲರಿಗೂ ಕೇಳುವಷ್ಟು ಜೋರಾಗಿ, ಮಾನಸಳ ಧ್ವನಿ:

“ಥ್ಯಾಂಕ್ಸ್ ಆಂಟಿ. ಅವರ ಚಪ್ಪಲಿ ಹೊರಗೇ ಇದೆ.”