ಶಿವಲಿಂಗವ್ವನ ವಿಚಾರಶಕ್ತಿ ಸಾಬೀತಾದದ್ದು

ವಿಚಾರಶಕ್ತಿಯುಳ್ಳ ಪ್ರತಿಯೊಬ್ಬರಿಗೂ ಹುಟ್ಟಿನಿಂದಲೇ ಹಕ್ಕುಗಳುಂಟು, ವಿಚಾರಶಕ್ತಿ ಹೆಂಗಸರಿಗೂ ಉಂಟು ಎಂದು ಯುರೋಪಿನ ಚಿಂತಕರು ಇನ್ನೂರು ವರ್ಷಗಳ ಹಿಂದೆ ಸಾರಿದ ಸಂಗತಿಯು ಹುನಗುಂದದ ಮಗ್ಗ ಹಕ್ಕುಪತ್ರ ಕಚೇರಿಗೆ ೨೦೦೩ರ ಜೂನ್ ಒಂಬತ್ತರಂದು ಸುತ್ತೋಲೆಯ ಮೂಲಕ ತಲುಪಿತು.

ಸುದ್ದಿ ಕೇಳಿದ್ದೇ ತಡ, ಇಳಕಲ್ಲಿನ ಶಿವಲಿಂಗವ್ವ ಬಸ್ಸು ಹತ್ತಿದಳು. ಹತ್ತದೆ ಏನು ಮಾಡ್ಯಾಳು! ಹದಿನೆಂಟು ವರ್ಷದಿಂದ ಸೀರೆ ನೇಯ್ದವಳು ಅವಳು. ಕಟ್ಟೆಯ ಮೇಲೆ ಇಸ್ಪೀಟು ಆಡಿದವನು ಗಂಡ ಅಮಾತೆಪ್ಪ. ಆ ಪುಣ್ಯಾತ್ಮ ಈಗ ಮಗ್ಗವನ್ನೇ ಮಾರಲು ಹೊರಟಿದ್ದ. ಹಕ್ಕುಪತ್ರ ತನ್ನ ಹೆಸರಿಗಾದರೆ ಅವನ ಆಟ ನಡೆಯದು ಎಂಬುದು ಅವಳ ಲೆಕ್ಕ.

“ಹೆಂಗಸರಿಗೂ ಹಕ್ಕು ಐತಂತಲ್ರಿ ಸಾಹೇಬ್ರ?”

ಅಧಿಕಾರಿ ಶ್ರೀಶೈಲ ಗೌರವದಿಂದ ಎದ್ದು ನಿಂತ. “ಐತ್ರಿ ಅವ್ವಾರ. ಆದ್ರ ವಿಚಾರಶಕ್ತಿ ಇದ್ದವ್ರಿಗಷ್ಟ. ಪರೀಕ್ಷಾ ಕೊಡಬೇಕು.”

“ಗಂಡಸ್ರು?”

“ಅವ್ರಿಗೆ ಇದ್ದ ಇರತೈತಿ ಅಂತ ಕಚೇರಿ ನಂಬೇತ್ರಿ.”

“ಹೆಣ್ಣು ಗಂಡು ಒಂದ ಅಂತ ನಮ್ಮ ಶರಣರು ಎಂಟನೂರು ವರ್ಷದ ಹಿಂದನ ಹೇಳ್ಯಾರಲ್ರೀ!”

“ಖರೇ ಐತಿ. ಆದ್ರ ಅದರ ಸುತ್ತೋಲೆ ಬಂದಿಲ್ಲ.”

ಪರೀಕ್ಷೆಗೆ ಒಂದೇ ಪ್ರಶ್ನೆ: ಮನೆಯ ಮಗ್ಗ ಯಾರದು?

“ನಂದ್ರೀ!” ಎಂದಳು ಶಿವಲಿಂಗವ್ವ. “ಭಾವಾವೇಶ ಕಂಡುಬಂದಿದೆ” ಎಂದು ಬರೆದ ಶ್ರೀಶೈಲ, ನಿಯಮ ೪(ಆ) ಪ್ರಕಾರ ತಿಂಗಳು ಬಿಟ್ಟು ಬರಲು ಹೇಳಿದ. ಎರಡನೇ ಸಲ ಅವಳು ತಣ್ಣಗೆ ವಿವರಿಸಿದಳು: “ನೇಯಾಕಿ ನಾ, ನೂಲು ತರಾಕಿ ನಾ, ಅದಕ್ಕ ಮಗ್ಗ ನಂದು.” “ತರ್ಕ ಅತಿಯಾಗಿದೆ” ಎಂದು ಬರೆದ.

“ಮೂರನೇದು ಕಡೀ ಅವಕಾಶ್ರೀ,” ಎಂದ, ಪಾಪ, ನಿಜವಾದ ಕನಿಕರದಿಂದ. “ಹಿರೇರನ್ನ ಕೇಳಿಕೊಂಡು ಬರ್ರಿ.”

ಓಣಿಯ ಹಿರಿಯರು ಉತ್ತರ ಹೇಳಿಕೊಟ್ಟರು. ಮೂರನೇ ಸಲ ಶಿವಲಿಂಗವ್ವ ನೆಲ ನೋಡುತ್ತ ನುಡಿದಳು: “ನಮ್ಮ ಮನಿಯವ್ರದ್ರಿ.”

“ಶಭಾಷ್!” ಇಡೀ ಕಚೇರಿ ಚಪ್ಪಾಳೆ ತಟ್ಟಿತು. ಹಾರ ಹಾಕಿ, ವಿಚಾರಶಕ್ತಿ ಪ್ರಮಾಣಪತ್ರ ಕೈಗಿತ್ತರು.

“ಮತ್ತ ಮಗ್ಗದ ಹಕ್ಕುಪತ್ರ?”

“ಅದು ನಿಮ್ಮ ಮನಿಯವ್ರ ಹೆಸರಿಗೆ ಆತಲ್ರಿ! ಮಗ್ಗ ಅವ್ರದು ಅಂತ ನೀವ ಹೇಳೀರಿ. ಮೊದಲಾದ್ರ ನಿಮ್ಮ ಮಾತು ನಾವು ಹಿಡೀತಿದ್ದಿಲ್ಲ. ಈಗ ವಿಚಾರಶಕ್ತಿ ಇದ್ದವ್ರು ನೀವು, ನಿಮ್ಮ ಮಾತು ಹೆಂಗ ತಗದು ಹಾಕೂದು?”

ಬುಧವಾರ ಅಮಾತೆಪ್ಪ ಹಕ್ಕುಪತ್ರ ತೋರಿಸಿ, ಮಗ್ಗ ಬಿಚ್ಚಿಸಿ ಟೆಂಪೋಗೆ ಹೇರಿಸಿದ. ಓಣಿಯ ಹಿರಿಯರು ಹೆಂಡತಿಯ ಪ್ರಮಾಣಪತ್ರವನ್ನು ಕೈಯಿಂದ ಕೈಗೆ ದಾಟಿಸಿ ಓದಿದರು. “ಇಂಥಾ ವಿಚಾರವಂತ ಹೇಣ್ತಿ ಸಿಗಾಕ ಪುಣ್ಯಾ ಮಾಡಿರಬೇಕು ಬಿಡ್ರಿ” ಎಂದರು. ಆಮೇಲೆ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ, ಖಾಲಿಯಾದ ಮಗ್ಗದ ಕುಣಿಯ ಮೇಲಿನ ಗೋಡೆಗೆ ತೂಗುಬಿಟ್ಟರು. ಮೊಳೆ ಹಿಡಿದುಕೊಂಡವಳು ಶಿವಲಿಂಗವ್ವ.