ಚೆಲ್ಲೊ ಸಾಹೇಬರ ಮೊದಲ ಧ್ವನಿಮುದ್ರಣ

ಎಲ್ಲದಕ್ಕೂ ಕಾರಣ ಚೆಲ್ಲೊ ಸಾಹೇಬರು ಕೊಚ್ಚಿಕೊಂಡ ಒಂದು ಮಾತು. "ಸ್ಟುಡಿಯೋ ಯಾಕ್ರೀ? ನಮ್ಮ ಕಟ್ಟಡದ ಮೇಲಿನ ಹಾಲ್‌ನಲ್ಲಿ ಸೂಜಿ ಬಿದ್ರೂ ಕೇಳ್ಸುತ್ತೆ. ಅಕ್ಕಪಕ್ಕದವರನ್ನ ಸುಮ್ಮನಿರ್ಸೋದು ನನಗೆ ಬಿಡಿ" ಎಂದುಬಿಟ್ಟಿದ್ದರು.

ಸಾಹೇಬರಿಗಿದ್ದುದು ಕನ್ನಡಕದ ಅಂಗಡಿ. ದಿನಾ ಸಂಜೆ ತಮ್ಮಷ್ಟೇ ಗಾತ್ರದ, ದೈತ್ಯ ಪಿಟೀಲಿನಂಥ ಚೆಲ್ಲೊವನ್ನು ತಬ್ಬಿಕೊಂಡು ಕುಯ್ಯುತ್ತಿದ್ದುದರಿಂದ ಕಟ್ಟಡದವರು ಆ ಹೆಸರಿಟ್ಟಿದ್ದರು. ದಂತವೈದ್ಯೆಯ ಪಿಟೀಲು, ಔಷಧಿ ಅಂಗಡಿಯವರ ಕೊಳಲು, ಪಿಯಾನೋವಿನ ಅಜ್ಜನಂತಿದ್ದ ಗಣಿತದ ಮೇಷ್ಟ್ರ ಹಾರ್ಪ್ಸಿಕಾರ್ಡ್, ಸಾಹೇಬರ ಚೆಲ್ಲೊ: ಇಷ್ಟೇ ಇವರ ತಂಡ. ಬರೋಕ್ ಎಂಬ ಕಾಲದ, ಸುಮಾರು ಮುನ್ನೂರು ವರ್ಷ ಹಳೆಯ ಸಂಗೀತವನ್ನು ವರ್ಷಗಟ್ಟಲೆ ತಿದ್ದಿ ತೀಡಿ, ಇವತ್ತು ಮೊದಲ ಬಾರಿಗೆ ಧ್ವನಿಮುದ್ರಣಕ್ಕೆ ಕೂತಿದ್ದರು.

ಈ ಸಂಗೀತದಲ್ಲಿ ಮೆರೆಯುವುದು ಪಿಟೀಲು, ಕೊಳಲು. ಚೆಲ್ಲೊದ್ದು ಹೊರೆ ಹೊರುವ ಕೆಲಸ. ಹಾರ್ಪ್ಸಿಕಾರ್ಡಿನ ಎಡಗೈ ನುಡಿಸುವ ತಳದ ಸ್ವರಗಳನ್ನೇ ಅದೂ ನುಡಿಸಬೇಕು. "ಎಲ್ಲಾರದೂ ಕೇಳ್ಸುತ್ತೆ, ನಿಂದೊಂದು ಕೇಳ್ಸಲ್ವಲ್ಲೋ" ಎಂದು ಸಾಹೇಬರ ಅಮ್ಮ ಪ್ರತಿ ಕಚೇರಿಯಲ್ಲೂ ಕೊರಗುತ್ತಿದ್ದರು. ಮುದ್ರಣದಲ್ಲಾದರೂ ಅಮ್ಮನ ಕಿವಿಗೆ ತಮ್ಮ ನಾದ ಬೀಳಬೇಕು, ಸಾಹೇಬರಿಗೆ ಬೇಕಿದ್ದುದು ಅಷ್ಟೇ. ಅಮ್ಮನೋ, ಸಂಜೆ ಕೇಳುವುದಕ್ಕೆ ಬನ್ನಿ ಎಂದು ಆಗಲೇ ಇಡೀ ಕಟ್ಟಡಕ್ಕೆ ಡಂಗುರ ಸಾರಿದ್ದರು.

ಶುರುಮಾಡೋಣವೆಂದು ಮೇಷ್ಟ್ರು ತಲೆಯಾಡಿಸಿದರು. ಸಂಗೀತ ಶುರುವಾಗಿ ಇನ್ನೇನು ಹದಕ್ಕೆ ಬರಬೇಕು, ಕೆಳಗಿನಿಂದ ಡ್ರಿಲ್ಲಿನ ಸದ್ದು ಗುರ್‌ರ್ ಎಂದಿತು. ಧ್ವನಿಮುದ್ರಣದವನು ಕಿವಿಯಿಂದ ಹೆಡ್‌ಫೋನ್ ಕಿತ್ತು ಸಾಹೇಬರನ್ನೇ ನೋಡಿದ. ಉಳಿದವರೂ ನೋಡಿದರು. ಸಾಹೇಬರು ಮೆಟ್ಟಿಲಿಳಿದು ಓಡಿದರು.

ಕೆಳಗಿನ ಮಹಡಿಯ ನಿವೃತ್ತ ಬ್ಯಾಂಕ್ ಮ್ಯಾನೇಜರು ಗೋಡೆಗೆ ಪುಸ್ತಕದ ಹಲಗೆ ಕೂರಿಸುತ್ತಿದ್ದರು. "ರೆಕಾರ್ಡಿಂಗಾ? ಭೇಷ್! ನಮ್ಮ ಕಟ್ಟಡಕ್ಕೇ ಹೆಮ್ಮೆ ಕಣ್ರೀ. ಬನ್ನಿ, ಈ ತುದಿ ಹಿಡ್ಕೊಳ್ಳಿ, ಬೇಗ ಮುಗಿಸಿಬಿಡ್ತೀನಿ." ಸಾಹೇಬರು ಹಲಗೆ ಹಿಡಿದು ನಿಂತರು. ಮೂಗಿನ ಮೇಲೆಲ್ಲ ಗೋಡೆಯ ಪುಡಿ.

ಎರಡನೆಯ ಸಲ ಕೂತಾಗ ಬಾಗಿಲಾಚೆ ಗುಸುಗುಸು ಎದ್ದಿತು. ತೆರೆದು ನೋಡಿದರೆ ಪಕ್ಕದ ಮನೆಯಾಕೆಯ ಹಿಂದೆ ಅರ್ಧ ಕಟ್ಟಡವೇ ನಿಂತಿತ್ತು.

"ಯಾರೂ ಸದ್ದು ಮಾಡಬಾರ್ದು ಅಂತ ಎಲ್ಲಾರಿಗೂ ಹೇಳ್ತಿದ್ದೀನಿ ಸಾಹೇಬ್ರೇ!" ಎಂದು ಆಕೆ ಕೂಗಿದರು.

"ತುಂಬಾ ಉಪಕಾರ ಅಕ್ಕಾ. ಮನೆಗೆ ಹೋಗಿ ಹೇಳಿ" ಎಂದು ಸಾಹೇಬರು ಕೈಮುಗಿದರು.

ಮೂರನೆಯ ಸಲ ಕೆಳಗಿನ ಮನೆಯ ಕೂಸು ಕಿರುಚತೊಡಗಿತು. ಧ್ವನಿಮುದ್ರಣದವನು ಗಡಿಯಾರ ನೋಡಿಕೊಂಡು, "ಸರ್, ನನಗೆ ಇನ್ನೊಂದು ಕಡೆ ಕೆಲಸ ಇದೆ. ಇದೇ ಕೊನೆ" ಎಂದ. ಸಾಹೇಬರು ಮತ್ತೆ ಓಡಿದರು.

ಬಾಗಿಲು ತೆರೆದ ತಾಯಿ, "ದೇವರು ಬಂದ ಹಾಗೆ ಬಂದ್ರಿ ಅಣ್ಣಾ" ಎನ್ನುತ್ತ ಕೂಸನ್ನು ಅವರ ಕೈಗೆ ಹಾಕಿ ಹಾಲು ಕಾಯಿಸಲು ಒಳಗೆ ಹೋದಳು. ದಿಕ್ಕು ತೋಚದ ಸಾಹೇಬರು ಚೆಲ್ಲೊದ ತಳದ ಸ್ವರಗಳನ್ನೇ ಗುನುಗಿದರು. ಕೂಸು ತಟ್ಟನೆ ಸುಮ್ಮನಾಯಿತು! ಕೆಳಗಿಳಿಸಹೋದರೆ ಮತ್ತೆ ಕಿರುಚಾಟ. ಎತ್ತಿಕೊಂಡು ಗುನುಗಿದರೆ ಸದ್ದಿಲ್ಲ. ಕೊನೆಗೂ ತಮ್ಮ ಸ್ವರಕ್ಕೆ ಒಬ್ಬ ರಸಿಕ ಸಿಕ್ಕನೆಂದು ಉಬ್ಬಿದ ಸಾಹೇಬರು, ಅದು ನಿದ್ದೆಹೋಗುವವರೆಗೂ ಹಾಡಿನ ಆ ತುದಿಯಿಂದ ಈ ತುದಿಯವರೆಗೆ ಗುನುಗಿದರು.

ಏದುಸಿರು ಬಿಡುತ್ತ ಮೇಲೆ ಬಂದರೆ ಧ್ವನಿಮುದ್ರಣದವನು ವೈರು ಸುತ್ತುತ್ತಿದ್ದ.

"ಅದ್ಭುತವಾಗಿ ಬಂತು ಸರ್! ಕಟ್ಟಡದಲ್ಲಿ ಒಂದು ಪಿಸುಮಾತೂ ಇರ್ಲಿಲ್ಲ!"

"ಮತ್ತೆ ನಾನು?"

"ಸದ್ದು ನಿಂತ ತಕ್ಷಣ ಶುರುಮಾಡಿಬಿಟ್ವಿ" ಎಂದರು ಮೇಷ್ಟ್ರು, ಅವರ ಬೆನ್ನು ತಟ್ಟುತ್ತ. "ನಿಮ್ಮ ಸ್ವರವೆಲ್ಲ ನನ್ನ ಎಡಗೈಯಲ್ಲಿ ಇದ್ದೇ ಇತ್ತಲ್ಲ. ನಿಮ್ಮನ್ನ ವಾಪಸ್ ಕರೆದಿದ್ರೆ ಕೂಸು ಎಲ್ಲಾ ಕೆಡಿಸ್ತಿತ್ತು."

ಸಾಹೇಬರ ಹೊಟ್ಟೆ ಉರಿಯಿತು. ಆದರೆ ಸಂಜೆ ಎಲ್ಲರೂ ಸೇರಿ ಕೇಳುವಾಗ ಆ ಉರಿ ಎಲ್ಲಿ ಹೋಯಿತೋ! ಪಿಟೀಲನ್ನು ಕೊಳಲು ಅಟ್ಟಿಸಿಕೊಂಡು ಹೋಗುತ್ತಿತ್ತು, ಮೇಷ್ಟ್ರ ಬೆರಳುಗಳು ನೀರಿನಂತೆ ಹರಿಯುತ್ತಿದ್ದವು. ಇದು ನಮ್ಮ ತಂಡ ಎಂದು ಸಾಹೇಬರ ಕಣ್ಣು ತುಂಬಿತು. ಕಟ್ಟಡದವರಿಗೂ ಹೆಮ್ಮೆಯೋ ಹೆಮ್ಮೆ. ಮ್ಯಾನೇಜರು ತಾವು ಡ್ರಿಲ್ ನಿಲ್ಲಿಸಿದ್ದನ್ನು, ಪಕ್ಕದ ಮನೆಯಾಕೆ ತಾವು ಬಾಯಿ ಮುಚ್ಚಿಕೊಂಡದ್ದನ್ನು ಮತ್ತೆ ಮತ್ತೆ ಹೇಳಿಕೊಂಡರು.

ಅಮ್ಮ ಮಾತ್ರ ಕಣ್ಣು ಮುಚ್ಚಿ ಕೇಳುತ್ತಿದ್ದರು. ಮುಗಿದ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಮಗನ ಕೈ ಹಿಡಿದರು.

"ಇವತ್ತು ನಿಂದೂ ಕೇಳಿಸ್ತು ಕಣೋ!"

"ಅಮ್ಮಾ, ಅದ್ರಲ್ಲಿ ನಾನು..."

"ಸುಮ್ನಿರೋ. ಹೆತ್ತವಳಿಗೆ ಗೊತ್ತಾಗಲ್ವಾ?" ಅಮ್ಮ ಎಲ್ಲರಿಗೂ ಕೇಳುವಂತೆ ಹೇಳಿದರು. "ಇಷ್ಟು ಚೆನ್ನಾಗಿ ನೀನು ಯಾವತ್ತೂ ನುಡಿಸಿರ್ಲಿಲ್ಲ. ಇನ್ಮೇಲೆ ಮನೇಲೂ ಹೀಗೇ ನುಡಿಸಪ್ಪ!"